ಶೇ 103ರ ಗುಟ್ಟು ಮತ್ತು ಜಗತ್ತಿನ ಲಸಿಕೆ ಲೆಕ್ಕ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಪತ್ರಿಕೆಗಳಲ್ಲಿ ‘ಜಗತ್ತಿನ ಶೇ 85ರಷ್ಟು ಮಕ್ಕಳಿಗೆ ಲಸಿಕೆ’ ಎಂಬಂಥ ಸುದ್ದಿ ಬರುತ್ತದೆ. ಈ ಲೆಕ್ಕವನ್ನು ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ? ನಮ್ಮ ಹತ್ತಿರದ ಆರೋಗ್ಯ ಕೇಂದ್ರವೊಂದರ ಫಲಕದಲ್ಲಿ ಒಮ್ಮೆ ಶೇ 103 ಎಂದು ಬರೆದಿದ್ದನ್ನು ಕಂಡಿದ್ದೇನೆ. ನೂರಕ್ಕೆ ನೂರಾ ಮೂರು ಹೇಗಾಗುತ್ತದೆ? ಇಂಥ ಲೆಕ್ಕವನ್ನು ನಂಬಿ 2030ರ ಗುರಿ ಮುಟ್ಟುತ್ತೇವೆಯೋ ಇಲ್ಲವೋ ಎಂದು ಹೇಳಲು ಬರುತ್ತದೆಯೇ?

ಉತ್ತರ: ಶೇ 103ರಿಂದಲೇ ಶುರು ಮಾಡುತ್ತೇನೆ. ನಿಮ್ಮೂರಿನ ಫಲಕ ಎಡವಿದ ಜಾಗವೂ ಜಗತ್ತಿನ ಲೆಕ್ಕ ಎಡವುವ ಜಾಗವೂ ಒಂದೇ ಆಗಿರುವುದರಿಂದ, ಇದನ್ನು ಬಿಡಿಸಿಕೊಂಡರೆ ಉಳಿದದ್ದು ಸುಲಭವಾಗುತ್ತದೆ.

ಲಸಿಕೆ ವ್ಯಾಪ್ತಿ ಎಂಬುದು ನೀವು ತರಗತಿಯಲ್ಲಿ ಕಲಿಸುವ ಭಿನ್ನರಾಶಿಯೇ. ಲಸಿಕೆ ಪಡೆದ ಮಕ್ಕಳ ಸಂಖ್ಯೆ ಅಂಶ, ಪಡೆಯಬೇಕಾಗಿದ್ದ ಮಕ್ಕಳ ಸಂಖ್ಯೆ ಛೇದ. ಅಂಶವನ್ನು ಎಣಿಸುತ್ತಾರೆ: ಲಸಿಕೆಯ ದಿನ ಅಂಗನವಾಡಿಯಲ್ಲಿ ಕೂತ ಆರೋಗ್ಯ ಸಹಾಯಕಿ ಒಂದೊಂದು ಡೋಸಿಗೂ ಟ್ಯಾಲಿ ಹಾಳೆಯಲ್ಲಿ ಒಂದು ಗೀಟು ಎಳೆಯುತ್ತಾರೆ, ಐದನೆಯ ಗೀಟನ್ನು ಅಡ್ಡ ಹಾಕಿ ಕಟ್ಟು ಮಾಡುತ್ತಾರೆ, ಸಂಜೆ ಕೂಡಿಸಿ ಮೇಲಕ್ಕೆ ಕಳಿಸುತ್ತಾರೆ. ಛೇದ ಮಾತ್ರ ಬಹುಪಾಲು ಅಂದಾಜಿನಿಂದ ಬರುತ್ತದೆ. ಜನಗಣತಿಯ ಜನಸಂಖ್ಯೆಯನ್ನು ಇಂದಿನವರೆಗೆ ಬೆಳೆಸಿ, ಜನನ ದರದಿಂದ ಗುಣಿಸಿ, ಶಿಶು ಮರಣವನ್ನು ಕಳೆದು, ‘ನಿಮ್ಮ ವ್ಯಾಪ್ತಿಯಲ್ಲಿ ಈ ವರ್ಷ ಇಷ್ಟು ಶಿಶುಗಳು’ ಎಂದು ನಿಗದಿ ಮಾಡುತ್ತಾರೆ. ನಮ್ಮಲ್ಲಿ ಕೊನೆಯದಾಗಿ ಪೂರ್ಣಗೊಂಡ ಜನಗಣತಿ 2011ರದು. ಅಂದಿನ ತಲೆಗಳಿಂದ ಇಂದಿನ ತೊಟ್ಟಿಲುಗಳನ್ನು ಊಹಿಸುವಾಗ ಒಂದೂರಲ್ಲಿ ಊಹೆ ಹೆಚ್ಚಾಗುತ್ತದೆ, ಇನ್ನೊಂದೂರಲ್ಲಿ ಕಡಿಮೆಯಾಗುತ್ತದೆ. ಕಟ್ಟಡದ ಕೆಲಸಕ್ಕೆ ಜನ ವಲಸೆ ಬಂದು ಸೇರಿದ ಊರಿನಲ್ಲಿ ಛೇದ ಚಿಕ್ಕದಾಗಿಯೇ ಉಳಿದು ಅಂಶ ಬೆಳೆಯುತ್ತದೆ. ಆಗ ನೂರಾ ಮೂರಲ್ಲ, ನೂರಾ ಇಪ್ಪತ್ತೂ ಬರಬಹುದು. ಅವರು ಬಿಟ್ಟು ಬಂದ ಊರಿನಲ್ಲಿ, ಅಲ್ಲಿನ ಸಹಾಯಕಿ ಒಂದು ಮಗುವನ್ನೂ ಬಿಡದೆ ಲಸಿಕೆ ಹಾಕಿದ್ದರೂ, ಫಲಕ ಶೇ 80 ಎನ್ನುತ್ತದೆ.

ನಮ್ಮ ಕಡೆ ಇದರ ಜೊತೆಗೆ ತವರಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಹುಟ್ಟಿದ ಕೂಡಲೇ ಕ್ಷಯ ತಡೆಯುವ ಬಿಸಿಜಿ, ಆರನೆಯ ವಾರಕ್ಕೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲನೆಯ ಡೋಸು, ಹತ್ತನೆಯ ವಾರಕ್ಕೆ ಎರಡನೆಯದು, ಇಷ್ಟೂ ತವರಿನ ಕೇಂದ್ರದ ಲೆಕ್ಕಕ್ಕೆ ಬೀಳುತ್ತವೆ. ಮೂರು ತಿಂಗಳು ತುಂಬಿ ಬಾಣಂತಿ ಗಂಡನ ಮನೆಗೆ ಹೊರಟರೆ ಹದಿನಾಲ್ಕನೆಯ ವಾರದ ಮೂರನೆಯ ಡೋಸು ಅಲ್ಲಿನ ಕೇಂದ್ರದ್ದು. ಕಾಗದದ ಮೇಲೆ ನೋಡಿದರೆ ತವರಿನ ಕೇಂದ್ರದಲ್ಲಿ ಮಕ್ಕಳು ನಡುವೆ ಕೈಬಿಟ್ಟಂತೆ ಕಾಣುತ್ತದೆ. ಗಂಡನ ಮನೆಯ ಕಡೆಯ ಕೇಂದ್ರದಲ್ಲಿ ಮೊದಲನೆಯ ಡೋಸಿಗಿಂತ ಮೂರನೆಯದೇ ಹೆಚ್ಚಾಗಿರುತ್ತದೆ. ತಪಾಸಣೆಗೆ ಬಂದ ಅಧಿಕಾರಿ ಇಬ್ಬರು ಸಹಾಯಕಿಯರನ್ನೂ ಗದರುತ್ತಾರೆ. ಇಬ್ಬರದೂ ತಪ್ಪಿಲ್ಲ, ಮಗುವಿಗೆ ಎಲ್ಲ ಡೋಸೂ ಬಿದ್ದಿವೆ. ಇಂಥದನ್ನು ನೀಗಿಸಲೆಂದೇ ಮಗುವಿನ ಹೆಸರಿನಲ್ಲಿ ದಾಖಲೆ ಇಡುವ ಯು-ವಿನ್ ವ್ಯವಸ್ಥೆಯನ್ನು 2023ರಲ್ಲಿ ಮೊದಲು 65 ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತಂದು, ಅನಂತರ ದೇಶಕ್ಕೆಲ್ಲ ವಿಸ್ತರಿಸಿದರು.

ಈಗ ಊರಿನಿಂದ ಜಗತ್ತಿಗೆ ಹೋಗೋಣ. ಪ್ರತಿ ದೇಶವೂ ವರ್ಷಕ್ಕೊಮ್ಮೆ ತನ್ನ ಅಂಕಿಗಳನ್ನು ಒಂದೇ ಮಾದರಿಯ ನಮೂನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗೆ ಒಪ್ಪಿಸುತ್ತದೆ. ಈ ಎರಡು ಸಂಸ್ಥೆಗಳ ಜಂಟಿ ತಂಡ ಅದನ್ನು ಇದ್ದಂತೆಯೇ ಅಚ್ಚು ಹಾಕುವುದಿಲ್ಲ. ದೇಶ ಕೊಟ್ಟ ಅಂಕಿ, ಅದೇ ದೇಶದಲ್ಲಿ ನಡೆದ ಮನೆಮನೆ ಸಮೀಕ್ಷೆ, ಆ ವರ್ಷ ಲಸಿಕೆಯ ದಾಸ್ತಾನು ಖಾಲಿಯಾಗಿತ್ತೇ, ಯುದ್ಧವಿತ್ತೇ, ಇವೆಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಅಂದಾಜಿಗೆ ಬರುತ್ತದೆ. ನೂರು ಮೀರಿದ ಅಂಕಿ ಅಲ್ಲೇ ಬಿದ್ದುಹೋಗುತ್ತದೆ. ಸಮೀಕ್ಷೆಯ ಫಲಿತಾಂಶವೂ ದೇಶದ ವರದಿಯೂ ಹತ್ತು ಶೇಕಡಾ ಅಂಶಗಳೊಳಗೆ ಹೊಂದಿಕೆಯಾದರೆ ದೇಶದ ಮಾತನ್ನು ಒಪ್ಪುತ್ತಾರೆ. ಹೊಂದಿಕೆಯಾಗದಿದ್ದರೆ ಸಮೀಕ್ಷೆಯ ಕಡೆಗೆ ವಾಲುತ್ತಾರೆ. ಹೀಗೆ 195 ದೇಶಗಳ ಅಂದಾಜು ಸಿದ್ಧವಾಗಿ ಜುಲೈ 15ರ ಸುಮಾರಿಗೆ ಹೊರಬರುತ್ತದೆ. ನೀವು ಓದುವ ಶೇ 85 ಎಂಬುದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಡಿಪಿಟಿ ಲಸಿಕೆಯ ಮೂರನೆಯ ಡೋಸು ಪಡೆದ ಶಿಶುಗಳ ಪಾಲು, ಅದೂ 2024ನೆಯ ವರ್ಷದ್ದು. ನಮ್ಮಲ್ಲಿ ಈ ಮೂರೂ ಪೆಂಟಾವೇಲೆಂಟ್ ಲಸಿಕೆಯೊಳಗೇ ಇವೆ. ಎಲ್ಲ ಲಸಿಕೆಗಳ ಸರಾಸರಿ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಶಿಶುವನ್ನು ಮೂರು ಸಲ ಕೇಂದ್ರಕ್ಕೆ ಕರೆತರಿಸಬಲ್ಲ ವ್ಯವಸ್ಥೆ ಇದೆಯೇ ಎಂಬುದನ್ನು ಈ ಮೂರನೆಯ ಡೋಸು ಹೇಳುವುದರಿಂದ ಅದನ್ನು ಅಳತೆಗೋಲಾಗಿ ಆರಿಸಿಕೊಂಡಿದ್ದಾರೆ.

ಸಮೀಕ್ಷೆಯಾದರೂ ಗಟ್ಟಿಯೇ ಎಂದು ನೀವು ಕೇಳಬಹುದು. ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ಸರಳ ವಿಧಾನವೊಂದಿತ್ತು: 30 ಗುಚ್ಛಗಳು, ಅಂದರೆ ಆರಿಸಿಕೊಂಡ ಊರು ಅಥವಾ ಬಡಾವಣೆಗಳು, ಒಂದೊಂದರಲ್ಲಿ 7 ಮಕ್ಕಳು, ಒಟ್ಟು 210. ಒಂದು ಜೀಪು, ನಾಲ್ಕು ಜನ, ವಾರದೊಳಗೆ ಮುಗಿಯುವ ಕೆಲಸ. ಇಂದಿನ ಸಮೀಕ್ಷೆಗಳ ಮಾದರಿ ಇದಕ್ಕಿಂತ ದೊಡ್ಡದು, ಆಯ್ಕೆಯ ವಿಧಾನವೂ ಬಿಗಿಯಾದದ್ದು. ಆದರೆ ಬಾಗಿಲಲ್ಲಿ ನಡೆಯುವುದು ಅಂದಿನದೇ. ಸಮೀಕ್ಷೆಗಳ ಮೇಲ್ವಿಚಾರಣೆಗೆಂದು ಊರೂರು ಸುತ್ತಿದ ದಿನಗಳಲ್ಲಿ ನಾನು ಕಂಡಂತೆ, ‘ತಾಯಿ ಕಾರ್ಡ್ ಇದೆಯಾ ಅಮ್ಮ?’ ಎಂದು ಕೇಳಿದರೆ ಒಂದು ಮನೆಯಲ್ಲಿ ಟ್ರಂಕಿನಿಂದ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟದ್ದನ್ನು ತಂದು ಕೊಡುತ್ತಾರೆ. ಮುಂದಿನ ಮನೆಯಲ್ಲಿ ಅದು ಮಳೆಗೆ ನೆನೆದು ತಾರೀಕುಗಳೆಲ್ಲ ನೀಲಿ ಕಲೆಯಾಗಿರುತ್ತವೆ. ಅದರಾಚೆಯ ಮನೆಯಲ್ಲಿ ಕಾರ್ಡು ತವರಿನಲ್ಲೇ ಉಳಿದಿರುತ್ತದೆ. ಕಾರ್ಡಿಲ್ಲದಿದ್ದರೆ ತಾಯಿಯ ನೆನಪನ್ನು ಕೇಳಬೇಕು. ‘ಎಷ್ಟು ಸಲ ಚುಚ್ಚಿಸಿದಿರಿ?’ ಎಂದರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಜಾಗ ತೋರಿಸಿ ಕೇಳುತ್ತೇವೆ. ಎಡ ತೋಳಿನ ಮೇಲೆ ಬಿಸಿಜಿಯ ಸಣ್ಣ ಗುಳಿ ಕಣ್ಣಿಗೇ ಕಾಣುತ್ತದೆ. ಎಡ ತೊಡೆಗೆ ಹಾಕಿದ್ದರೆ ಪೆಂಟಾವೇಲೆಂಟ್, ಬಲ ತೋಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಿದ್ದರೆ ದಡಾರ-ರುಬೆಲ್ಲಾ. ಇಷ್ಟಾದರೂ ಎರಡನೆಯದಕ್ಕೂ ಮೂರನೆಯದಕ್ಕೂ ನೆನಪಿನಲ್ಲಿ ಗೆರೆ ಎಳೆಯುವುದು ಕಷ್ಟ. ಹೀಗಾಗಿ ಕಾರ್ಡಿರುವ ಮಕ್ಕಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಎಷ್ಟು ಪಾಲು ತಲುಪಿತು ಎಂದು ನೋಡಿ, ಅದೇ ಪ್ರಮಾಣವನ್ನು ಕಾರ್ಡಿಲ್ಲದ ಮಕ್ಕಳಿಗೂ ಅನ್ವಯಿಸಿ ಜಂಟಿ ತಂಡ ಅಂಕಿಯನ್ನು ತಿದ್ದುತ್ತದೆ.

ಸಮೀಕ್ಷೆಗೆ ಮತ್ತೊಂದು ದೋಷವಿದೆ: ಅದು ಹಿಂದಿನದನ್ನು ಹೇಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ಶೇ 84.1, ನಾಲ್ಕನೆಯ ಸಮೀಕ್ಷೆಯಲ್ಲಿ ಅದು ಶೇ 62.6 ಇತ್ತು. ಒಳ್ಳೆಯ ಏರಿಕೆ. ಆದರೆ ಈ ಶೇ 84.1 ಪ್ರಕಟವಾದದ್ದು 2020ರ ಕೊನೆಗೆ, ಮನೆಗಳಿಗೆ ಹೋದದ್ದು 2019ರ ದ್ವಿತೀಯಾರ್ಧದಲ್ಲಿ. ಆ ಮಕ್ಕಳು ಹುಟ್ಟಿದ್ದು 2017-18ರಲ್ಲಿ. ಕೋವಿಡ್ ಬಂದು ಲಸಿಕೆಯ ದಿನಗಳೆಲ್ಲ ಏರುಪೇರಾದ ಮೇಲೆ ಓದಿದ ಅಂಕಿ ಕೋವಿಡ್‌ಗಿಂತ ಮುಂಚಿನ ಮಕ್ಕಳದಾಗಿತ್ತು. ದೂರದ ನಕ್ಷತ್ರವನ್ನು ನೋಡಿದಂತೆ.

ವರದಿಗೂ ಸಮೀಕ್ಷೆಗೂ ಇರುವ ಅಂತರ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನೈಜೀರಿಯಾವನ್ನು ನೋಡಬೇಕು. ಅಲ್ಲಿ 2016-17ರಲ್ಲಿ ನಡೆದ ಸಮೀಕ್ಷೆಯಲ್ಲಿ ಮೂರನೆಯ ಪೆಂಟಾವೇಲೆಂಟ್ ಡೋಸು ತಲುಪಿದ ಮಕ್ಕಳು ಶೇ 33 ಮಾತ್ರ ಎಂದು ಗೊತ್ತಾಯಿತು. ಕೇಂದ್ರಗಳಿಂದ ಕೂಡಿಸಿಕೊಂಡು ಬಂದ ಸರ್ಕಾರಿ ಅಂಕಿ ಅದಕ್ಕಿಂತ ಎಷ್ಟೋ ಮೇಲಿತ್ತು. ನೈಜೀರಿಯಾದ ಬಗ್ಗೆ ಮಾತಾಡುವಾಗ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ. ಆ ದೇಶ ಅಂಕಿಯನ್ನು ಮುಚ್ಚಿಡಲಿಲ್ಲ. ಅದೇ ವರ್ಷ ನಿತ್ಯದ ಲಸಿಕೆ ಕಾರ್ಯಕ್ರಮವನ್ನು ಸಾರ್ವಜನಿಕ ಆರೋಗ್ಯದ ತುರ್ತು ವಿಷಯವೆಂದು ಘೋಷಿಸಿ, ಅದಕ್ಕೊಂದು ರಾಷ್ಟ್ರೀಯ ಸಮನ್ವಯ ಕೇಂದ್ರವನ್ನೇ ತೆರೆಯಿತು. ಒಂದು ದೇಶ ತನ್ನ ಅಂಕಿಯನ್ನು ತಾನೇ ಒಡೆದು ನೋಡಿದ ಉದಾಹರಣೆಗಳು ಹೆಚ್ಚಿಲ್ಲ.

ಅಂಕಿ ಯಾಕೆ ಉಬ್ಬುತ್ತದೆ? ಎಲ್ಲ ಸಲವೂ ಮೋಸವಿರುವುದಿಲ್ಲ. ಕೂಡುವ ತಪ್ಪು, ಒಂದೇ ಮಗುವನ್ನು ಎರಡು ಕಡೆ ಎಣಿಸುವುದು, ವಯಸ್ಸು ಮೀರಿದ ಮಕ್ಕಳನ್ನೂ ಸೇರಿಸುವುದು, ಇವೇ ಸಾಕು. ಆದರೆ ಅಂಕಿಗೆ ಹಣ ಗಂಟುಬಿದ್ದಾಗ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. ಬಡ ದೇಶಗಳಿಗೆ ಲಸಿಕೆ ಒದಗಿಸಲು 2000ದಲ್ಲಿ ಹುಟ್ಟಿದ ಗಾವಿ ಒಕ್ಕೂಟ ಒಂದು ಯೋಜನೆ ತಂದಿತು: ಹಿಂದಿಗಿಂತ ಹೆಚ್ಚುವರಿಯಾಗಿ ಲಸಿಕೆ ಪಡೆದ ಪ್ರತಿ ಮಗುವಿಗೆ 20 ಡಾಲರ್. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 193 ದೇಶಗಳ ಸಮೀಕ್ಷೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಯೋಜನೆಯ ದೇಶಗಳ ವರದಿಗಳ ಪ್ರಕಾರ ಹೆಚ್ಚುವರಿ ಮಕ್ಕಳು 1 ಕೋಟಿ 39 ಲಕ್ಷ; ಸಮೀಕ್ಷೆಗಳ ಪ್ರಕಾರ 74 ಲಕ್ಷ. ಸುಮಾರು ಅರ್ಧ. ಯೋಜನೆ ನಿಷ್ಫಲವಾಯಿತೆಂದು ಇದರ ಅರ್ಥವಲ್ಲ, 74 ಲಕ್ಷ ಮಕ್ಕಳು ಕಡಿಮೆಯೇನಲ್ಲ. ಆದರೆ ಅಳತೆಗೋಲಿಗೇ ಬಹುಮಾನ ಕಟ್ಟಿದರೆ ಅಳತೆಗೋಲು ಉದ್ದವಾಗುತ್ತದೆ ಎಂಬುದು ಅಂದಿನಿಂದ ಈ ಕ್ಷೇತ್ರದವರಿಗೆಲ್ಲ ತಿಳಿದ ಮಾತು. ನಮ್ಮ ತಾಲ್ಲೂಕು ಸಭೆಗಳಲ್ಲಿ ಡಾಲರ್ ಇಲ್ಲ, ಬೈಗುಳವಿದೆ. ಅದೂ ಅಷ್ಟೇ ಕೆಲಸ ಮಾಡುತ್ತದೆ.

ಇನ್ನು ಗುರಿಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಲಸಿಕೆ ಕಾರ್ಯಕ್ರಮವನ್ನು 1974ರಲ್ಲಿ ಆರಂಭಿಸಿದಾಗ ಬಡ ದೇಶಗಳಲ್ಲಿ ಅದು ನೂರಕ್ಕೆ ಐದು ಮಕ್ಕಳಿಗೂ ತಲುಪುತ್ತಿರಲಿಲ್ಲ. ಯುನಿಸೆಫ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ ಅವರ ಕಾಲದಲ್ಲಿ 1990ಕ್ಕೆ ಶೇ 80 ಎಂಬ ಗುರಿ ಇಟ್ಟರು; ಹತ್ತಿರ ಹತ್ತಿರ ಮುಟ್ಟಿದರು, ಆಮೇಲೆ ಹತ್ತು ವರ್ಷ ಅಲ್ಲೇ ನಿಂತರು. 2011ರಿಂದ 2020ರವರೆಗಿನ ಜಾಗತಿಕ ಯೋಜನೆ ದೇಶಕ್ಕೆ ಶೇ 90, ಪ್ರತಿ ಜಿಲ್ಲೆಗೂ ಶೇ 80 ಎಂದಿತು, ಆಗಲಿಲ್ಲ. ಈಗಿನದು 2020ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ‘ಲಸಿಕಾ ಕಾರ್ಯಸೂಚಿ 2030’. ಅದರಲ್ಲಿ ಡಿಪಿಟಿಯ ಮೂರನೆಯದು, ದಡಾರದ ಎರಡನೆಯದು, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್‌ನ ಮೂರನೆಯದು, ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಹುಡುಗಿಯರಿಗೆ ಹಾಕುವ ಎಚ್‌ಪಿವಿ ಇವೆಲ್ಲಕ್ಕೂ ಶೇ 90ರ ಗುರಿಯಿದೆ. ಇವುಗಳಿಗಿಂತ ಮುಖ್ಯವೆಂದು ನಾನು ತಿಳಿದಿರುವ ಗುರಿ ಮತ್ತೊಂದು: ಒಂದೂ ಡೋಸು ಸಿಗದ ಶಿಶುಗಳ ಸಂಖ್ಯೆಯನ್ನು 2019ಕ್ಕೆ ಹೋಲಿಸಿದರೆ ಅರ್ಧಕ್ಕೆ ಇಳಿಸಬೇಕು. ಇವರನ್ನು ‘ಶೂನ್ಯ ಡೋಸ್’ ಮಕ್ಕಳು ಎನ್ನುತ್ತಾರೆ. ಡಿಪಿಟಿಯ ಮೊದಲನೆಯ ಡೋಸೇ ಸಿಗದವರು ಎಂಬುದು ಲೆಕ್ಕದ ವ್ಯಾಖ್ಯೆ. ಇವರಲ್ಲಿ ಕೆಲವರಿಗೆ ಪೋಲಿಯೊ ಹನಿ ಬಿದ್ದಿರಬಹುದು, ಬಿಸಿಜಿಯೂ ಆಗಿರಬಹುದು.

ಈ ಗುರಿಯನ್ನು ನಾನು ಮೆಚ್ಚುವುದಕ್ಕೆ ಕಾರಣ ಪೋಲಿಯೊ. ಶೇಕಡಾವಾರು ಲೆಕ್ಕದಲ್ಲಿ ಮಗು ಕಳೆದುಹೋಗುತ್ತದೆ. ಶೇ 96 ಎಂದ ಮೇಲೆ ಉಳಿದ ನಾಲ್ವರ ಬಗ್ಗೆ ಯಾರೂ ಕೇಳುವುದಿಲ್ಲ, ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊದವರು ಕ್ರಮೇಣ ಲೆಕ್ಕವನ್ನು ತಿರುಗಿಸಿದರು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಎಲ್ಲ ಮಕ್ಕಳೂ ಮುಗಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’, ಬಾಗಿಲು ಹಾಕಿದ್ದರೆ, ಮಗು ಊರಲ್ಲಿಲ್ಲದಿದ್ದರೆ ಅಥವಾ ಹಿರಿಯರು ಬೇಡವೆಂದರೆ ‘ಎಕ್ಸ್’. ಸಂಜೆಯ ಸಭೆಯಲ್ಲಿ ಕೇಳುತ್ತಿದ್ದುದು ಎಷ್ಟು ‘ಎಕ್ಸ್’ ಉಳಿದಿವೆ, ನಾಳೆ ಅಲ್ಲಿಗೆ ಯಾರು ಹೋಗುತ್ತೀರಿ ಎಂದು. ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕ್‌ಗಳಲ್ಲಿ ಮಾತ್ರ ವೈರಸ್ ಬೀಡುಬಿಟ್ಟಿದೆ ಎಂದು ಗುರುತಿಸಿ ಅಲ್ಲಿಗೇ ಶಕ್ತಿ ಹಾಕಿದ್ದೂ ಇದೇ ಲೆಕ್ಕದಿಂದ. 2009ರಲ್ಲಿ ನಮ್ಮ ದೇಶದಲ್ಲಿ 741 ಪ್ರಕರಣಗಳಿದ್ದವು, ಜಗತ್ತಿನಲ್ಲೇ ಹೆಚ್ಚು. ಕೊನೆಯ ಮಗುವಿಗೆ ಪಾರ್ಶ್ವವಾಯು ಬಂದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ.

ಶೂನ್ಯ ಡೋಸಿನ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು, ಗಣಿತದ ಮೇಷ್ಟ್ರಾದ ನಿಮಗೆ ಇದು ರುಚಿಸಬಹುದು. 2022ನೆಯ ವರ್ಷದ ಶೂನ್ಯ ಡೋಸ್ ಮಕ್ಕಳು ಎಷ್ಟು? 2023ರ ಜುಲೈನಲ್ಲಿ ಪ್ರಕಟವಾದ ಉತ್ತರ 1 ಕೋಟಿ 43 ಲಕ್ಷ. ಒಂದು ವರ್ಷದ ಮೇಲೆ ಅದೇ 2022ಕ್ಕೆ ಕೊಟ್ಟ ಉತ್ತರ 1 ಕೋಟಿ 39 ಲಕ್ಷ. ನಡುವೆ ಯಾರೋ ಹೋಗಿ ಆ ನಾಲ್ಕು ಲಕ್ಷ ಮಕ್ಕಳಿಗೆ ಲಸಿಕೆ ಹಾಕಿದ್ದರಿಂದ ಆದ ಇಳಿಕೆಯಲ್ಲ ಇದು. ಹೊಸ ಸಮೀಕ್ಷೆ ಬಂದಾಗ, ವಿಶ್ವಸಂಸ್ಥೆ ಜನಸಂಖ್ಯೆಯ ಅಂದಾಜನ್ನು ಪರಿಷ್ಕರಿಸಿದಾಗ, ಹಿಂದಿನ ಎಲ್ಲ ವರ್ಷಗಳನ್ನೂ ಪ್ರತಿ ಜುಲೈನಲ್ಲಿ ಮತ್ತೆ ಲೆಕ್ಕ ಹಾಕುತ್ತಾರೆ. ಹೀಗಾಗಿ ಹೋದ ವರ್ಷದ ಪತ್ರಿಕೆಯ ಕತ್ತರಿಕೆಯನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಕಳೆಯುವುದು ತಪ್ಪು. ಹೋಲಿಕೆ ಒಂದೇ ಬಿಡುಗಡೆಯೊಳಗಿನ ವರ್ಷಗಳ ನಡುವೆ ಮಾತ್ರ ನಡೆಯಬೇಕು. 2025ರ ಜುಲೈನ ಬಿಡುಗಡೆಯಲ್ಲಿ 2024ಕ್ಕೆ ಬಂದ ಅಂಕಿಯೂ ಕಾಕತಾಳೀಯವಾಗಿ 1 ಕೋಟಿ 43 ಲಕ್ಷವೇ. ಹಳೆಯ ಕತ್ತರಿಕೆ ಇಟ್ಟುಕೊಂಡವರು ಎರಡು ವರ್ಷ ಏನೂ ಬದಲಾಗಲಿಲ್ಲ ಎಂದುಕೊಂಡಾರು.

ಇನ್ನೊಂದು, ಈ ಅಂದಾಜುಗಳಲ್ಲಿ ದಶಮಾಂಶವಿಲ್ಲ, ದೇಶದ ವ್ಯಾಪ್ತಿಯನ್ನು ಪೂರ್ಣಾಂಕದಲ್ಲಿ ಕೊಡುತ್ತಾರೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಶಿಶುಗಳು. ಶೇ 1 ಅಂದರೆ 2 ಲಕ್ಷ 30 ಸಾವಿರ. ನಮ್ಮ ಶೂನ್ಯ ಡೋಸ್ ಮಕ್ಕಳು 2023ರಲ್ಲಿ 16 ಲಕ್ಷ ಇದ್ದದ್ದು 2024ರಲ್ಲಿ 9 ಲಕ್ಷಕ್ಕೆ ಇಳಿಯಿತು ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ವ್ಯಾಪ್ತಿಯ ಲೆಕ್ಕದಲ್ಲಿ ಅದು ಮೂರು ಶೇಕಡಾ ಅಂಶಗಳ ಚಲನೆ. ಇಳಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಏಳು ಲಕ್ಷ ಎಂಬ ಮಾತಿನ ತೂಕ ಮೂರು ಅಂಶಗಳ ಮೇಲೆ ನಿಂತಿದೆ, ಮೂರು ಅಂಶಗಳ ಏರಿಳಿತ ಅಂದಾಜಿನ ಸಹಜ ಅಲುಗಾಟಕ್ಕೆ ಹೊರತಲ್ಲ. ಎರಡು ಮೂರು ವರ್ಷ ಇದೇ ದಿಕ್ಕು ಉಳಿದರೆ ನಿಶ್ಚಿಂತೆಯಿಂದ ನಂಬಬಹುದು. 2024ರಲ್ಲಿ ಶೇ 96ರಷ್ಟು ಶಿಶುಗಳಿಗೆ ಮೊದಲ ಡೋಸು ತಲುಪಿದರೂ ಶೂನ್ಯ ಡೋಸ್ ಮಕ್ಕಳ ಸಂಖ್ಯೆಯಲ್ಲಿ ನೈಜೀರಿಯಾದ ನಂತರದ ಸ್ಥಾನ ನಮ್ಮದೇ ಆಗಿದ್ದುದಕ್ಕೂ ಕಾರಣ ಈ ದೊಡ್ಡ ಛೇದವೇ.

ವರದಿ, ಸಮೀಕ್ಷೆ ಎರಡನ್ನೂ ಬಿಟ್ಟು ಮೂರನೆಯ ಸಾಕ್ಷಿ ಒಂದಿದೆ, ಅದು ರೋಗ. ದಡಾರದಷ್ಟು ಬೇಗ ಹರಡುವ ಕಾಯಿಲೆ ಮತ್ತೊಂದಿಲ್ಲ. ಅದನ್ನು ತಡೆಯಲು ನೂರಕ್ಕೆ ತೊಂಬತ್ತೈದು ಮಂದಿಗೆ ಎರಡು ಡೋಸು ಬೇಕು, ಅದೂ ಸರಾಸರಿಯಲ್ಲಲ್ಲ, ಪ್ರತಿ ಊರಿನಲ್ಲೂ. ಜಗತ್ತಿನಲ್ಲಿ 2024ರಲ್ಲಿ ಮೊದಲ ಡೋಸು ಶೇ 84, ಎರಡನೆಯದು ಶೇ 76. ಅದೇ ವರ್ಷ 60 ದೇಶಗಳಲ್ಲಿ ದಡಾರ ದೊಡ್ಡದಾಗಿ ಎದ್ದಿತು. 2022ರಲ್ಲಿ ಅಂಥ ದೇಶಗಳು 33. ಅಂಕಿಯ ಪುಸ್ತಕ ಚೆನ್ನಾಗಿದ್ದು ಊರಿನಲ್ಲಿ ದಡಾರ ಎದ್ದರೆ ನಾನು ದಡಾರವನ್ನೇ ನಂಬುತ್ತೇನೆ. ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ: 1998ರಲ್ಲೇ ದಡಾರವನ್ನು ನಿರ್ಮೂಲ ಮಾಡಿದ್ದ ಕೆನಡಾದಲ್ಲಿ 2024ರ ಅಕ್ಟೋಬರ್‌ನಲ್ಲಿ ಹೊತ್ತಿದ ಕಿಡಿ, ಲಸಿಕೆ ಬೇಡವೆಂದ ಸಮುದಾಯಗಳ ನಡುವೆ ಹಬ್ಬಿ, ಹನ್ನೆರಡು ತಿಂಗಳು ಆರದೆ ಉರಿದದ್ದರಿಂದ 2025ರ ನವೆಂಬರ್‌ನಲ್ಲಿ ಆ ದೇಶ ನಿರ್ಮೂಲನೆಯ ಮಾನ್ಯತೆಯನ್ನು ಕಳೆದುಕೊಂಡಿತು.

ರೋಗವನ್ನು ಸಾಕ್ಷಿಯಾಗಿ ಕರೆಯುವುದಕ್ಕೂ ಒಂದು ಶಿಸ್ತು ಬೇಕು, ಏಕೆಂದರೆ ಹುಡುಕದವನಿಗೆ ರೋಗ ಕಾಣುವುದಿಲ್ಲ. ಇದಕ್ಕೆ ಪೋಲಿಯೊದವರು ಕಂಡುಕೊಂಡ ಉಪಾಯ ನನಗೆ ಇಂದಿಗೂ ಸೊಗಸೆನಿಸುತ್ತದೆ. ಹದಿನೈದರೊಳಗಿನ ಮಕ್ಕಳಲ್ಲಿ ಪೋಲಿಯೊ ಅಲ್ಲದ ಬೇರೆ ಕಾರಣಗಳಿಂದಲೂ ಹಠಾತ್ತನೆ ಕೈಕಾಲು ಸೋಲುವುದುಂಟು. ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದಾದರೂ ಅಂಥ ಪ್ರಕರಣ ವರದಿಯಾಗಬೇಕು. ಆಗದಿದ್ದರೆ ಆ ಜಿಲ್ಲೆಯವರು ಕಣ್ಣು ಮುಚ್ಚಿ ಕೂತಿದ್ದಾರೆ ಎಂದರ್ಥ, ಅವರ ‘ಪೋಲಿಯೊ ಇಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಸಿಕ್ಕ ಪ್ರತಿ ಮಗುವಿನಿಂದಲೂ, ಕೈಕಾಲು ಸೋತ ಹದಿನಾಲ್ಕು ದಿನಗಳೊಳಗೆ, ಒಂದು ದಿನದ ಅಂತರದಲ್ಲಿ, ಎರಡು ಮಲದ ಮಾದರಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ದಡಾರದಲ್ಲೂ ಇದೇ ಕ್ರಮ: ಲಕ್ಷ ಜನಕ್ಕೆ ಎರಡಾದರೂ ಗಂದೆಯ ಪ್ರಕರಣಗಳನ್ನು ಪರೀಕ್ಷಿಸಿ, ‘ಇದು ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ’ ಎಂದು ತಳ್ಳಿಹಾಕಿರಬೇಕು.

ಹಾಗಾದರೆ 2030? ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಶೂನ್ಯ ಡೋಸಿನ ಗುರಿಯನ್ನು ಈಗಿನ ನಡಿಗೆಯಲ್ಲಿ ಮುಟ್ಟುವುದಿಲ್ಲ. 2019ರಲ್ಲಿ 1 ಕೋಟಿ 29 ಲಕ್ಷ. 2030ಕ್ಕೆ ಅದರ ಅರ್ಧ, ಅಂದರೆ ಸುಮಾರು 65 ಲಕ್ಷ. ಕೋವಿಡ್‌ನ 2021ರಲ್ಲಿ ಈ ಸಂಖ್ಯೆ 1 ಕೋಟಿ 80 ಲಕ್ಷದ ಹತ್ತಿರ ಹೋಗಿತ್ತು, ಅಲ್ಲಿಂದ ಬೇಗ ಇಳಿಯಿತು, 2024ರಲ್ಲಿ 1 ಕೋಟಿ 43 ಲಕ್ಷದಲ್ಲಿ ನಿಂತಿತ್ತು. 2024ರಿಂದ ಆರು ವರ್ಷಗಳಲ್ಲಿ 78 ಲಕ್ಷ ಇಳಿಯಬೇಕಾದರೆ ವರ್ಷಕ್ಕೆ 13 ಲಕ್ಷ ಇಳಿಯಬೇಕು. 2023ರಿಂದ 2024ಕ್ಕೆ ಆದ ಇಳಿಕೆ 1 ಲಕ್ಷ 71 ಸಾವಿರ. ಅಂದಾಜಿನಲ್ಲಿ ಎಷ್ಟು ಅಲುಗಾಟವಿದ್ದರೂ ಏಳೆಂಟು ಪಟ್ಟಿನ ಈ ಕೊರತೆಯನ್ನು ಅದು ಮುಚ್ಚಲಾರದು. ಅಷ್ಟು ಮಟ್ಟಿಗೆ ಈ ಲೆಕ್ಕವನ್ನು ನಂಬಬಹುದು: ಒಂದೆರಡು ಶೇಕಡಾ ಅಂಶಗಳ ಜಗಳಕ್ಕೆ ಅದು ಸಾಲದು, ದಿಕ್ಕು ಹೇಳುವುದಕ್ಕೆ ಸಾಕು. ಉಳಿದ ಮಕ್ಕಳು ಎಲ್ಲಿದ್ದಾರೆಂಬುದೂ ಸ್ಪಷ್ಟವಾಗಿದೆ. ಯುದ್ಧ ಮತ್ತು ಅರಾಜಕತೆಯಲ್ಲಿ ನಲುಗಿದ 26 ದೇಶಗಳಲ್ಲಿ ಜಗತ್ತಿನ ಕಾಲು ಭಾಗ ಶಿಶುಗಳಿದ್ದಾರೆ. ಲಸಿಕೆಯೇ ಸಿಗದವರಲ್ಲಿ ಅರ್ಧ ಭಾಗ ಅಲ್ಲಿದ್ದಾರೆ. ಸೂಡಾನ್‌ನಲ್ಲಿ, ಯೆಮೆನ್‌ನಲ್ಲಿ ‘ಎಕ್ಸ್’ ಬರೆಯಲು ಗೋಡೆಯೇ ಉಳಿದಿಲ್ಲ. ಮತ್ತೊಂದು ಕಡೆ ಎಚ್‌ಪಿವಿ ಲಸಿಕೆಯ ಮೊದಲ ಡೋಸು ಪಡೆದ ಹುಡುಗಿಯರು 2023ರಿಂದ 2024ಕ್ಕೆ, ಒಂದೇ ವರ್ಷದಲ್ಲಿ, ಶೇ 27ರಿಂದ ಶೇ 31ಕ್ಕೆ ಏರಿದರು. ಶೇ 90 ಇನ್ನೂ ದೂರ, ಆದರೂ ಅದು ನಿಜವಾದ ಚಲನೆ.

ನನ್ನ ಆತಂಕ ಬೇರೆ ಕಡೆಯಿದೆ. ಎಷ್ಟೋ ಬಡ ದೇಶಗಳಲ್ಲಿ ಮನೆಮನೆ ಸಮೀಕ್ಷೆ ನಡೆಯುತ್ತಿದ್ದುದು ಅಮೆರಿಕದ ನೆರವಿನ ಡಿಎಚ್‌ಎಸ್ ಎಂಬ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮದಿಂದ. 2025ರ ಫೆಬ್ರುವರಿಯಲ್ಲಿ ಆ ನೆರವು ನಿಂತಿತು. ಏಳುನೂರಕ್ಕೂ ಹೆಚ್ಚು ಪ್ರಯೋಗಾಲಯಗಳ ದಡಾರ-ರುಬೆಲ್ಲಾ ಜಾಲ ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್‌ನಲ್ಲಿ ನಡೆಯುತ್ತಿತ್ತು, ಅದಕ್ಕೂ ಹಣ ಒದಗಿಸುತ್ತಿದ್ದುದು ಅದೇ ದೇಶ. ಸಮೀಕ್ಷೆ ನಿಂತ ದೇಶಕ್ಕೆ ಕೇಂದ್ರಗಳಿಂದ ಕೂಡಿಸಿ ಬಂದ ವರದಿಯೊಂದೇ ಗತಿಯಾಗುತ್ತದೆ, ಅದನ್ನು ಪ್ರಶ್ನಿಸುವ ಎರಡನೆಯ ಅಂಕಿ ಇರುವುದಿಲ್ಲ. ಮುಂದೆ ಜುಲೈನಲ್ಲಿ ಕೆಲವು ದೇಶಗಳ ಅಂಕಿ ಸುಧಾರಿಸಿದಂತೆ ಕಂಡರೆ, ಸುಧಾರಿಸಿದ್ದು ಲಸಿಕೆಯೋ ಅಥವಾ ಮಂಕಾದದ್ದು ಕಣ್ಣೋ ಎಂದು ಕೇಳಬೇಕಾಗುತ್ತದೆ. ಜಂಟಿ ತಂಡ ತನ್ನ ಪ್ರತಿ ಅಂದಾಜಿನ ಪಕ್ಕದಲ್ಲಿ ಅದರ ವಿಶ್ವಾಸಾರ್ಹತೆಯ ದರ್ಜೆಯನ್ನೂ ನಮೂದಿಸುತ್ತದೆ. ಪತ್ರಿಕೆಗಳು ಅದನ್ನು ಅಚ್ಚು ಹಾಕುವುದಿಲ್ಲ, ನೀವು ಹುಡುಕಿ ನೋಡಿ.

ನಿಮ್ಮ ಫಲಕದ ವಿಷಯಕ್ಕೆ ಮರಳಿದರೆ, ಶೇ 103 ಬರೆದವರನ್ನು ಅನುಮಾನಿಸಬೇಡಿ. ಮುಂದಿನ ಸಲ ಹೋದಾಗ ಎರಡು ವಿಷಯ ಕೇಳಿ: ಛೇದದಲ್ಲಿರುವ ಸಂಖ್ಯೆ ಮೇಲಿನಿಂದ ಬಂದದ್ದೋ, ಆಶಾ ಕಾರ್ಯಕರ್ತೆಯರು ಮನೆಮನೆ ಎಣಿಸಿದ್ದೋ, ಮತ್ತು ಈ ತಿಂಗಳು ಲಸಿಕೆ ಬಾಕಿಯಿರುವ ಮಕ್ಕಳ ಹೆಸರಿನ ಪಟ್ಟಿ ಇದೆಯೋ. ಹೆಸರುಗಳ ಪಟ್ಟಿ ಮೇಜಿನ ಮೇಲಿದ್ದು, ಕೆಲವು ಹೆಸರುಗಳ ಮುಂದೆ ‘ತವರಿಗೆ ಹೋಗಿದೆ’, ‘ಕಬ್ಬು ಕಡಿಯಲು ಹೋಗಿದ್ದಾರೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದರೆ, ಆ ಕೇಂದ್ರದ ಶೇಕಡಾ ಎಷ್ಟಿದ್ದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.